ಬಾಗಿಲಿಲ್ಲದ ಹಗೇವು

ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಡಬ್ಬಿ. ತೂಕ ನೂರು ಗ್ರಾಮಿನ ಆಸುಪಾಸು. ಸುತ್ತ ರಬ್ಬರಿನ ಕವಚ, ಒಂದು ಬದಿಯಲ್ಲಿ ಯುಎಸ್‌ಬಿ ಕೇಬಲ್ಲಿಗೆ ಪುಟ್ಟ ಕಿಂಡಿ. ಮಳೆಗಾಲದ ಕಾಡಿನಲ್ಲಿ ವಾರಗಟ್ಟಲೆ ಕೂರುವ ವನ್ಯಜೀವಿ ಛಾಯಾಗ್ರಾಹಕರು, ಸಿನಿಮಾ ಚಿತ್ರೀಕರಣದ ತಂಡದವರು, ಮದುವೆ ಮನೆಯಿಂದ ಮದುವೆ ಮನೆಗೆ ಓಡುವ ವಿಡಿಯೊದವರು, ಇವರೆಲ್ಲರ ಚೀಲದಲ್ಲಿ ಈಗ ಇಂಥದೊಂದು ಇದ್ದೇ ಇರುತ್ತದೆ. ಅಂಗಡಿಯಲ್ಲಿ ಇದರ ಹೆಸರು ‘ರಗ್ಗಡ್ ಪೋರ್ಟಬಲ್ ಎಸ್‌ಎಸ್‌ಡಿ’. ಒರಟು ಬಳಕೆಗೆ ಒಗ್ಗುವ, ಜೇಬಿನಲ್ಲಿ ಒಯ್ಯಬಹುದಾದ ಸಾಲಿಡ್ ಸ್ಟೇಟ್ ಡ್ರೈವ್ ಎಂದು ಅರ್ಥ. ಚೀಲದಿಂದ ಜಾರಿ ಡಾಂಬರು ರಸ್ತೆಗೆ ಬಿದ್ದರೂ, ತುಂತುರು ಮಳೆಯಲ್ಲಿ ನೆನೆದರೂ, ಒರೆಸಿ ಒಣಗಿಸಿ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಒಳಗಿನ ಚಿತ್ರಗಳು ಇದ್ದಲ್ಲೇ ಇರುತ್ತವೆ.

ಈ ಡಬ್ಬಿಯೊಳಗೆ ಬ್ಯಾಟರಿ ಇಲ್ಲ. ಕಂಪ್ಯೂಟರಿನ ರ‍್ಯಾಮ್ ಕೂಡ ಸಿಲಿಕಾನ್ ಚಿಪ್ಪೇ, ಆದರೆ ಕರೆಂಟ್ ಹೋದ ಕ್ಷಣ ಅದು ಎಲ್ಲವನ್ನೂ ಮರೆತುಬಿಡುತ್ತದೆ. ಬರೆಯುತ್ತಿದ್ದ ಪತ್ರವನ್ನು ‘ಸೇವ್’ ಮಾಡುವ ಮೊದಲೇ ದೀಪ ಆರಿ, ಎಲ್ಲ ಮಾಯವಾದದ್ದು ಅನೇಕರ ಅನುಭವ. ಎಸ್‌ಎಸ್‌ಡಿಯಲ್ಲಿ ಇರುವುದೂ ಸಿಲಿಕಾನ್ ಚಿಪ್ಪೇ ಆಗಿರುವಾಗ, ತಿಂಗಳುಗಟ್ಟಲೆ ವಿದ್ಯುತ್ತಿನ ಸಂಪರ್ಕವೇ ಇಲ್ಲದೆ ಅದು ನೆನಪಿಟ್ಟುಕೊಳ್ಳುವುದು ಹೇಗೆ? ಇನ್ನೊಂದು ವಿಚಿತ್ರವೂ ಇದೆ. ಕಲ್ಲಿನ ಮೇಲೆ ಬಿದ್ದರೂ ಜಗ್ಗದ ಈ ಡಬ್ಬಿ ಬರೆದಷ್ಟೂ ಸವೆಯುತ್ತದೆ. ಏನೂ ಮಾಡದೆ ಬೀರುವಿನಲ್ಲಿ ಇಟ್ಟರೂ ನಿಧಾನವಾಗಿ ಮರೆಯುತ್ತ ಹೋಗುತ್ತದೆ. ಈ ನೆನಪಿಗೂ ಮರೆವಿಗೂ ಕಾರಣ ಒಂದೇ ಕಡೆ ಇದೆ. ಅದು ಚಿಪ್ಪಿನೊಳಗಿನ, ಕೆಲವೇ ನ್ಯಾನೊಮೀಟರ್ ದಪ್ಪದ ಒಂದು ಗಾಜಿನ ಗೋಡೆ.

ತಿರುಗುವ ತಟ್ಟೆಯ ಕಾಲ

ಎಸ್‌ಎಸ್‌ಡಿಗೆ ಮುಂಚೆ ಆ ಜಾಗದಲ್ಲಿದ್ದದ್ದು ಹಾರ್ಡ್ ಡಿಸ್ಕ್. 1956ರಲ್ಲಿ ಐಬಿಎಂ ಹೊರತಂದ ‘350’ ಎಂಬ ಘಟಕ ಜಗತ್ತಿನ ಮೊದಲ ಹಾರ್ಡ್ ಡಿಸ್ಕ್. 24 ಇಂಚು ಅಗಲದ 50 ತಟ್ಟೆಗಳು, ಸುಮಾರು ಒಂದು ಟನ್ ತೂಕ. ಅಷ್ಟು ದೊಡ್ಡ ಯಂತ್ರದಲ್ಲಿ ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಇವತ್ತಿನ 1 ಟಿಬಿಯ ಜೇಬುಡಬ್ಬಿ, ಅಕ್ಷರಗಳ ಲೆಕ್ಕದಲ್ಲಿ, ಅಂಥ ಎರಡು ಲಕ್ಷ ಯಂತ್ರಗಳಿಗೆ ಸಮ.

ಯಂತ್ರ ಕುಗ್ಗಿತು, ತತ್ತ್ವ ಬದಲಾಗಲಿಲ್ಲ. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕಿನಲ್ಲೂ ಕಾಂತೀಯ ಲೇಪನವಿರುವ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಅದರ ಅಂಚು ಸಾಗುವ ವೇಗ ಗಂಟೆಗೆ 65 ಕಿಲೋಮೀಟರಿನಷ್ಟು. ಆ ತಟ್ಟೆಯ ಮೇಲೆ, ತೋಳೊಂದರ ತುದಿಯಲ್ಲಿ, ಓದುವ ತಲೆ ತೇಲುತ್ತಿರುತ್ತದೆ. ತಲೆಗೂ ತಟ್ಟೆಗೂ ನಡುವೆ ಇರುವ ಅಂತರ ಕೆಲವೇ ನ್ಯಾನೊಮೀಟರ್. ಮನುಷ್ಯನ ಕೂದಲಿನ ದಪ್ಪ ಎಪ್ಪತ್ತು, ಎಂಬತ್ತು ಸಾವಿರ ನ್ಯಾನೊಮೀಟರ್ ಎಂಬುದನ್ನು ನೆನೆದರೆ ಆ ಅಂತರ ಎಷ್ಟು ಕಿರಿದೆಂಬುದು ಹೊಳೆಯುತ್ತದೆ. ತಲೆಯನ್ನು ಎತ್ತಿ ಹಿಡಿದಿರುವುದು ತಟ್ಟೆಯ ಜೊತೆ ಸುತ್ತುವ ಗಾಳಿಯ ತೆಳು ಹಾಸು. ಓಡುತ್ತಿರುವಾಗ ಮೇಜಿನಿಂದ ಜಾರಿ ಬಿದ್ದರೆ ತಲೆ ತಟ್ಟೆಯನ್ನು ಕೆರೆಯುತ್ತದೆ, ಕೆರೆದ ಜಾಗದ ನೆನಪು ಶಾಶ್ವತವಾಗಿ ಹೋಗುತ್ತದೆ. ಗಾಳಿ ತೆಳುವಾದಲ್ಲೂ ಕಷ್ಟವೇ. ಅನೇಕ ಹಾರ್ಡ್ ಡಿಸ್ಕ್‌ಗಳಿಗೆ ತಯಾರಕರು ಸುಮಾರು 3000 ಮೀಟರ್ ಎತ್ತರದ ಮಿತಿ ಹಾಕುತ್ತಿದ್ದರು. ಲೇಹ್ ಪಟ್ಟಣವೇ 3500 ಮೀಟರ್ ಎತ್ತರದಲ್ಲಿದೆ.

ರಬ್ಬರಿನ ಕವಚ ಮೊದಲು ಹುಟ್ಟಿದ್ದು ಈ ಬಡಪಾಯಿ ತಟ್ಟೆಯನ್ನು ಕಾಯಲು. ಫ್ರಾನ್ಸಿನ ಲಾಸಿ ಕಂಪನಿಗಾಗಿ ಸ್ಕಾಟ್ಲೆಂಡಿನ ವಿನ್ಯಾಸಕಾರ ನೀಲ್ ಪೌಲ್ಟನ್ ರೂಪಿಸಿದ ಕಿತ್ತಳೆ ಬಣ್ಣದ ರಬ್ಬರ್ ಪಟ್ಟಿಯ ಡಬ್ಬಿ ಸಿನಿಮಾ ಮಂದಿಯ ಗುರುತಿನ ಚಿಹ್ನೆಯೇ ಆಯಿತು. ಶುರುವಿನಲ್ಲಿ ಅದರೊಳಗೆ ಇದ್ದದ್ದು ತಿರುಗುವ ಡಿಸ್ಕೇ. ಎಸ್‌ಎಸ್‌ಡಿ ಅಗ್ಗವಾದ ಮೇಲೆ ಕವಚ ಹಾಗೇ ಉಳಿಯಿತು, ಒಳಗಿನ ಜೀವ ಬದಲಾಯಿತು.

ಬಿದ್ದಾಗ ಆಗುವುದೇನು

ಎರಡು ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 22-23 ಕಿಲೋಮೀಟರ್. ಹೆಚ್ಚೇನಲ್ಲ. ಪೆಟ್ಟು ಎಷ್ಟು ಜೋರು ಎಂಬುದನ್ನು ತೀರ್ಮಾನಿಸುವುದು ಆ ವೇಗ ಎಷ್ಟು ದೂರದಲ್ಲಿ ಸೊನ್ನೆಯಾಗುತ್ತದೆ ಎಂಬ ಅಂಶ. ಮರದಿಂದ ಉದುರಿದ ತೆಂಗಿನಕಾಯಿ ಬಂಡೆಗೆ ಬಿದ್ದರೆ ಹೋಳಾಗುತ್ತದೆ, ಗದ್ದೆಯ ಕೆಸರಿಗೆ ಬಿದ್ದರೆ ಸುಮ್ಮನೆ ಹೂತುಕೊಳ್ಳುತ್ತದೆ. ಎತ್ತರ ಅದೇ, ವೇಗ ಅದೇ. ಕೆಸರು ಅದನ್ನು ನಿಧಾನವಾಗಿ ನಿಲ್ಲಿಸುತ್ತದೆ.

ಎರಡು ಮೀಟರಿನಿಂದ ಬಿದ್ದ ಡಬ್ಬಿ ಗ್ರಾನೈಟ್ ನೆಲದ ಮೇಲೆ ಒಂದು ಮಿಲಿಮೀಟರಿನಲ್ಲಿ ನಿಂತರೆ, ಅದರ ಪ್ರತಿ ಭಾಗಕ್ಕೂ ತನ್ನ ತೂಕದ ಎರಡು ಸಾವಿರ ಪಟ್ಟು ಹೊರೆ ಬೀಳುತ್ತದೆ. ರಬ್ಬರ್ ಅಮುಕಿಕೊಂಡು ಐದು ಮಿಲಿಮೀಟರ್ ಜಾಗ ಕೊಟ್ಟರೆ ಹೊರೆ ನಾನೂರು ಪಟ್ಟಿಗೆ ಇಳಿಯುತ್ತದೆ. ಕವಚದ ಕೆಲಸ ಇಷ್ಟೇ: ನಾಲ್ಕೈದು ಮಿಲಿಮೀಟರ್ ಕೆಸರಾಗುವುದು. ಅದಕ್ಕೇ ಕವಚದ ಮೂಲೆಗಳು ಮಧ್ಯಭಾಗಕ್ಕಿಂತ ದಪ್ಪ. ಡಬ್ಬಿ ಚಪ್ಪಟೆಯಾಗಿ ಬೀಳುವುದು ಅಪರೂಪ, ಮೂಲೆಯೇ ಮೊದಲು ನೆಲ ಮುಟ್ಟುತ್ತದೆ.

ಆದರೂ ಡಬ್ಬಿ ಉಳಿಯುವುದರಲ್ಲಿ ರಬ್ಬರಿಗಿಂತ ದೊಡ್ಡ ಪಾಲು ಒಳಗಿನ ಹಗುರತನದ್ದು. ಮರದ ತುದಿಯಿಂದ ಬಿದ್ದ ಇರುವೆ ಎದ್ದು ನಡೆದುಹೋಗುತ್ತದೆ, ಆನೆ ಹಳ್ಳಕ್ಕೆ ಬಿದ್ದರೂ ಸಾಕು, ಎಲುಬು ಮುರಿದುಕೊಳ್ಳುತ್ತದೆ. ಎಸ್‌ಎಸ್‌ಡಿಯೊಳಗಿನ ಒಂದು ಚಿಪ್ ಒಂದು ಗ್ರಾಂ ತೂಗುತ್ತದೆ ಎಂದುಕೊಂಡರೆ, ಎರಡು ಸಾವಿರ ಪಟ್ಟಿನ ಪೆಟ್ಟಿನಲ್ಲೂ ಅದರ ಮೇಲೆ ಬೀಳುವ ಹೊರೆ ಎರಡು ಕಿಲೋ. ಚಿಪ್ಪಿನ ಅಡಿಯಲ್ಲಿ ನೂರಕ್ಕೂ ಹೆಚ್ಚು ಬೆಸುಗೆ ಗುಂಡುಗಳಿರುತ್ತವೆ. ಒಂದೊಂದರ ಪಾಲಿಗೆ ಬರುವುದು ಇಪ್ಪತ್ತು ಗ್ರಾಮಿಗಿಂತ ಕಡಿಮೆ. ಅಲುಗಾಡುವ ತೋಳಿಲ್ಲ, ಕೆರೆಯಬಲ್ಲ ತಲೆಯಿಲ್ಲ. ಹೀಗಾಗಿ ಬಿದ್ದ ಎಸ್‌ಎಸ್‌ಡಿ ಕೆಟ್ಟರೆ, ತಪ್ಪು ಹೆಚ್ಚಾಗಿ ಸಿಗುವುದು ಕೇಬಲ್ ಸಿಕ್ಕಿಸುವ ಕಿಂಡಿಯಲ್ಲಿ. ಕೇಬಲ್ ಸಿಕ್ಕಿಸಿದ ಹಾಗೇ ಬಿದ್ದರೆ ಕೇಬಲ್ಲಿನ ತಲೆ ಮೀಟುಗೋಲಿನಂತೆ ಒತ್ತಿ, ಕಿಂಡಿಯನ್ನು ಹಲಗೆಯಿಂದಲೇ ಕಿತ್ತುಬಿಡಬಲ್ಲದು.

ಗಾಜಿನ ಗೋಡೆಯ ಕೋಣೆ

ಹಳೆಯ ಕಾಲದ ಹಳ್ಳಿಗಳಲ್ಲಿ ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ನೆಲದೊಳಗೆ ಹೂಜಿಯಾಕಾರದ ಗುಂಡಿ, ಬಾಯಿಗೆ ಚಪ್ಪಡಿ, ಮೇಲೆ ಮಣ್ಣಿನ ಮುಚ್ಚಳಿಕೆ. ಒಮ್ಮೆ ಮುಚ್ಚಿದರೆ ಕಾವಲು ಬೇಡ, ದೀಪ ಬೇಡ, ವರ್ಷಗಟ್ಟಲೆ ಕಾಳು ಕೆಡದೆ ಇರುತ್ತಿತ್ತು. ಎಸ್‌ಎಸ್‌ಡಿಯ ಮೂಲ ಘಟಕವೂ ಇಂಥದೇ ಒಂದು ಹಗೇವು. ಒಳಗಿರುವ ಕಾಳು ಎಲೆಕ್ಟ್ರಾನು. ವ್ಯತ್ಯಾಸವೊಂದೇ: ಈ ಹಗೇವಿಗೆ ಬಾಯಿಯೇ ಇಲ್ಲ.

ಚಿಪ್ಪಿನೊಳಗೆ ಸಿಲಿಕಾನಿನ ಪುಟ್ಟ ತುಣುಕೊಂದನ್ನು ಇಟ್ಟು, ಅದರ ಸುತ್ತ ಎಲ್ಲ ದಿಕ್ಕಿನಲ್ಲೂ ಸಿಲಿಕಾನ್ ಡೈಆಕ್ಸೈಡ್ ತುಂಬಲಾಗುತ್ತದೆ. ಮರಳಿನ, ಗಾಜಿನ ಮೂಲವಸ್ತುವೂ ಇದೇ. ವಿದ್ಯುತ್ತನ್ನು ಹರಿಯಗೊಡದ ವಸ್ತುಗಳಲ್ಲಿ ಇದು ಉತ್ತಮವಾದದ್ದು. ಯಾವ ತಂತಿಯೂ ಆ ತುಣುಕನ್ನು ಮುಟ್ಟುವುದಿಲ್ಲ. ಗಾಜಿನ ಸಮುದ್ರದಲ್ಲಿ ತೇಲುವ ದ್ವೀಪದಂತೆ ಅದು ಒಂಟಿ. ಅದಕ್ಕೇ ಅದನ್ನು ಫ್ಲೋಟಿಂಗ್ ಗೇಟ್ ಎನ್ನುತ್ತಾರೆ. ಕನ್ನಡದಲ್ಲಿ ‘ತೇಲುಕೋಣೆ’ ಎನ್ನಬಹುದು. ಅಲ್ಲಿಗೆ ಎಲೆಕ್ಟ್ರಾನುಗಳನ್ನು ಹೇಗಾದರೂ ಸೇರಿಸಿದರೆ ಅವು ಹೊರಬರಲು ದಾರಿಯಿಲ್ಲ. ಕೋಣೆ ತುಂಬಿದ್ದರೆ ‘ಸೊನ್ನೆ’, ಖಾಲಿಯಿದ್ದರೆ ‘ಒಂದು’. ಕಂಪ್ಯೂಟರಿನ ಸಕಲ ಚಿತ್ರ, ಹಾಡು, ಅಕ್ಷರಗಳೂ ಇವೆರಡರ ಸಾಲುಗಳೇ ಆದ್ದರಿಂದ ನೆನಪಿಗೆ ಇಷ್ಟು ಸಾಕು. ರ‍್ಯಾಮಿನಲ್ಲೂ ಎಲೆಕ್ಟ್ರಾನುಗಳನ್ನೇ ಕೂಡಿಡುತ್ತಾರೆ. ಆದರೆ ಅಲ್ಲಿಯದು ಸೋರುವ ಗಡಿಗೆ, ಸೆಕೆಂಡಿಗೆ ಹಲವು ಸಲ ಮತ್ತೆ ಮತ್ತೆ ತುಂಬುತ್ತಲೇ ಇರಬೇಕು. ವಿದ್ಯುತ್ ನಿಂತರೆ ತುಂಬುವವರಿಲ್ಲ.

ತೇಲುಕೋಣೆಯ ಕಲ್ಪನೆ ಬಂದದ್ದು 1967ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಕೊರಿಯಾ ಮೂಲದ ಡಾವೊನ್ ಕಾಂಗ್ ಮತ್ತು ಚೀನೀ ಮೂಲದ ಸೈಮನ್ ಸೆ ಅದನ್ನು ರೂಪಿಸಿದರು. ಊಟದ ಕೊನೆಗೆ ಬಂದ ಪದರ ಪದರದ ಕೇಕನ್ನು ನೋಡುತ್ತ, ನಡುವೆ ಇನ್ನೊಂದು ಪದರ ಸೇರಿಸಿದರೆ ಹೇಗೆ ಎಂಬ ಯೋಚನೆ ಹೊಳೆಯಿತೆಂದು ಸೆ ಮುಂದೆ ನೆನಪಿಸಿಕೊಂಡಿದ್ದಾರೆ.

ಗೋಡೆಯ ಮೂಲಕವೇ ಒಳಗೆ

ಬಾಗಿಲಿಲ್ಲದ ಕೋಣೆಗೆ ಕಾಳು ತುಂಬುವುದು ಹೇಗೆ? ಇಲ್ಲಿ ದಿನನಿತ್ಯದ ಹೋಲಿಕೆಗಳು ಕೈಕೊಡುತ್ತವೆ. ಎಲೆಕ್ಟ್ರಾನು ಬರೀ ಗೋಲಿಯಂಥ ಕಣವಾಗಿದ್ದರೆ ಗಾಜಿನ ಗೋಡೆಗೆ ಬಡಿದು ವಾಪಸು ಬರಬೇಕಿತ್ತು. ಅದಕ್ಕೆ ಅಲೆಯ ಸ್ವಭಾವವೂ ಇದೆ. ಅಲೆ ಗೋಡೆಯ ಮೇಲ್ಮೈಯಲ್ಲಿ ಥಟ್ಟನೆ ನಿಲ್ಲುವುದಿಲ್ಲ, ಒಳಗೂ ಸ್ವಲ್ಪ ದೂರ ಕ್ಷೀಣಿಸುತ್ತ ಹರಡುತ್ತದೆ. ಗೋಡೆ ಸಾಕಷ್ಟು ತೆಳುವಾಗಿದ್ದರೆ ಅಲೆಯ ಬಾಲ ಆಚೆ ಬದಿಗೂ ತಲುಪುತ್ತದೆ. ಆಗ ಎಲೆಕ್ಟ್ರಾನು ಆಚೆ ಬದಿಯಲ್ಲಿ ಕಾಣಿಸಿಕೊಳ್ಳುವ ಸಂಭವ ಹುಟ್ಟುತ್ತದೆ. ಗೋಡೆಯಲ್ಲಿ ತೂತಾಗದೆ, ಗೋಡೆಯ ಮೇಲೆ ಹತ್ತದೆ, ಅದು ಆಚೆಗಿರುತ್ತದೆ. ಇದಕ್ಕೆ ಟನೆಲಿಂಗ್ ಎಂದು ಹೆಸರು, ‘ಗೋಡೆದಾಟು’ ಎನ್ನೋಣ. ಜೋರಾದ ವಿದ್ಯುತ್ ಕ್ಷೇತ್ರದಲ್ಲಿ ಇದು ಎಷ್ಟರ ಮಟ್ಟಿಗೆ ನಡೆಯುತ್ತದೆ ಎಂಬುದನ್ನು ರಾಲ್ಫ್ ಫೌಲರ್ ಮತ್ತು ಲೋಥರ್ ನಾರ್ಡ್‌ಹೈಮ್ 1928ರಲ್ಲೇ ಲೆಕ್ಕ ಹಾಕಿದ್ದರು. ಆಗ ಟ್ರಾನ್ಸಿಸ್ಟರೇ ಹುಟ್ಟಿರಲಿಲ್ಲ.

ತೇಲುಕೋಣೆಯ ಕೆಳಗಿನ ಗೋಡೆ ಏಳೆಂಟು ನ್ಯಾನೊಮೀಟರ್ ದಪ್ಪ. ಸುಮ್ಮನಿದ್ದಾಗ ಎಲೆಕ್ಟ್ರಾನಿಗೆ ಅದು ದಾಟಲಾಗದಷ್ಟು ದಪ್ಪವೇ. ಬರೆಯಬೇಕಾದಾಗ ಕೋಣೆಯ ಮೇಲಿರುವ ಇನ್ನೊಂದು ಪಟ್ಟಿಗೆ ಇಪ್ಪತ್ತು ವೋಲ್ಟಿನಷ್ಟು ಒತ್ತಡ ಕೊಡುತ್ತಾರೆ. ಮನೆಯ ಪ್ಲಗ್ಗಿನ ಮುಂದೆ ಇಪ್ಪತ್ತು ವೋಲ್ಟ್ ಅಲ್ಪ. ಆದರೆ ಅದು ಬೀಳುವುದು ಕೆಲವೇ ನ್ಯಾನೊಮೀಟರಿನ ಮೇಲೆ. ಸೆಂಟಿಮೀಟರಿನ ಲೆಕ್ಕಕ್ಕೆ ಹಿಗ್ಗಿಸಿದರೆ ಆ ಕ್ಷೇತ್ರ ಸುಮಾರು ಒಂದು ಕೋಟಿ ವೋಲ್ಟ್. ಗಾಳಿಯಲ್ಲಿ ಕಿಡಿ ಹಾರಲು ಸೆಂಟಿಮೀಟರಿಗೆ ಮೂವತ್ತು ಸಾವಿರ ವೋಲ್ಟ್ ಸಾಕು. ಇಂಥ ಭೀಕರ ಎಳೆತದಲ್ಲಿ ಗೋಡೆ ಎಲೆಕ್ಟ್ರಾನಿನ ಪಾಲಿಗೆ ತೆಳುವಾದಂತಾಗುತ್ತದೆ, ಅವು ಸಾಲುಗಟ್ಟಿ ಒಳಸೇರುತ್ತವೆ. ಒತ್ತಡ ತೆಗೆದರೆ ಗೋಡೆ ಮತ್ತೆ ಗೋಡೆ. ಅಳಿಸಬೇಕಾದಾಗ ಎಳೆತದ ದಿಕ್ಕನ್ನು ತಿರುಗಿಸಿದರೆ ಎಲೆಕ್ಟ್ರಾನುಗಳು ಬಂದ ದಾರಿಯಲ್ಲೇ ಹೊರಡುತ್ತವೆ. ಯುಎಸ್‌ಬಿಯಿಂದ ಸಿಗುವುದು ಐದೇ ವೋಲ್ಟ್. ಏತದಿಂದ ಏತಕ್ಕೆ ನೀರೆತ್ತಿ ಮೇಲಿನ ಗದ್ದೆಗೆ ಹಾಯಿಸುವಂತೆ, ಚಿಪ್ಪಿನೊಳಗಿನ ವಿದ್ಯುನ್ಮಂಡಲವೊಂದು ಅದನ್ನು ಹಂತಹಂತವಾಗಿ ಇಪ್ಪತ್ತಕ್ಕೆ ಏರಿಸಿಕೊಳ್ಳುತ್ತದೆ.

ತೆರೆಯದೆ ಓದುವುದು

ಹಲಸಿನ ಹಣ್ಣನ್ನು ಕೊಯ್ಯದೆ, ಬೆರಳಿನಿಂದ ತಟ್ಟಿ ಸದ್ದು ಕೇಳಿ, ಒಳಗೆ ಬಲಿತಿದೆಯೇ ಎಂದು ಬಲ್ಲವರು ಹೇಳುತ್ತಾರೆ. ಚಿಪ್ ತನ್ನ ಕೋಣೆಯನ್ನು ಓದುವುದೂ ಹೀಗೆಯೇ. ತೇಲುಕೋಣೆಯ ಅಡಿಯಲ್ಲಿ ವಿದ್ಯುತ್ ಹರಿಯಬಲ್ಲ ಕಾಲುವೆಯೊಂದಿದೆ. ಕೋಣೆಯಲ್ಲಿ ಎಲೆಕ್ಟ್ರಾನುಗಳಿದ್ದರೆ ಅವುಗಳ ಪ್ರಭಾವ ಗೋಡೆಯಾಚೆಗೂ ತಟ್ಟಿ ಕಾಲುವೆಯ ಹರಿವನ್ನು ತಡೆಯುತ್ತದೆ. ಖಾಲಿಯಿದ್ದರೆ ಹರಿವು ಸಲೀಸು. ಮೇಲಿನ ಪಟ್ಟಿಗೆ ಸಣ್ಣ ಒತ್ತಡ ಕೊಟ್ಟು, ಕೆಳಗೆ ಹರಿವು ಬಂತೇ ಎಂದು ನೋಡಿದರೆ ಉತ್ತರ ಸಿಕ್ಕಿತು. ಗೋಡೆ ದಾಟಿಸುವಷ್ಟು ಒತ್ತಡ ಬೇಕಿಲ್ಲವಾದ್ದರಿಂದ ಓದುವಾಗ ಕೋಣೆಯೊಳಗಿನ ಕಾಳು ಅಲುಗುವುದಿಲ್ಲ.

ಮೊದಲು ಕೋಣೆಗೆ ‘ತುಂಬಿದೆ’, ‘ಖಾಲಿ’ ಎಂಬ ಎರಡೇ ಸ್ಥಿತಿಯಿತ್ತು. ಬರುಬರುತ್ತ ಅಳತೆ ಸೂಕ್ಷ್ಮವಾಯಿತು. ಸೇರು, ಅಚ್ಚೇರು, ಪಾವು, ಚಟಾಕು ಎಂದು ಅಳೆದಂತೆ, ಎಷ್ಟು ತುಂಬಿದೆ ಎಂಬುದನ್ನು ಎಂಟು ಮಟ್ಟಗಳಲ್ಲಿ ಗುರುತಿಸಿದರೆ ಒಂದೇ ಕೋಣೆಯಲ್ಲಿ ಮೂರು ಬಿಟ್, ಅಂದರೆ ಮೂರು ಸೊನ್ನೆ-ಒಂದುಗಳು, ಹಿಡಿಸುತ್ತವೆ. ಹದಿನಾರು ಮಟ್ಟಗಳಾದರೆ ನಾಲ್ಕು ಬಿಟ್. ಡಬ್ಬಿಯ ಮೇಲೆ ಕಾಣುವ ಟಿಎಲ್‌ಸಿ, ಕ್ಯೂಎಲ್‌ಸಿ ಎಂಬ ಅಕ್ಷರಗಳ ಅರ್ಥ ಇದೇ, ಕ್ರಮವಾಗಿ ಮೂರು ಮತ್ತು ನಾಲ್ಕು. ಅದೇ ಚಿಪ್ಪಿನಲ್ಲಿ ಹೆಚ್ಚು ಸರಕು ಹಿಡಿಸುವುದರಿಂದ ಬೆಲೆ ಇಳಿಯುತ್ತದೆ. ಆದರೆ ಮಟ್ಟಗಳ ನಡುವಿನ ಅಂತರ ಕಿರಿದಾದಂತೆ ಸ್ವಲ್ಪ ಸೋರಿದರೂ ಪಾವು ಚಟಾಕಾಗಿ ಕಾಣುತ್ತದೆ. ಈ ಒಂದು ಮಾತು ಮುಂದಿನ ಬಹುಪಾಲು ತೊಂದರೆಗಳ ಬೇರು.

1 ಟಿಬಿ ಎಂದರೆ ಎಂಟು ಲಕ್ಷ ಕೋಟಿ ಬಿಟ್. ಕೋಣೆಗೆ ಮೂರರಂತೆ ತುಂಬಿದರೂ ಎರಡೂವರೆ ಲಕ್ಷ ಕೋಟಿಗೂ ಹೆಚ್ಚು ಕೋಣೆಗಳು ಬೇಕು. ನೆಲ ಸಾಲದಾದಾಗ ನಗರಗಳಲ್ಲಿ ಅಂತಸ್ತಿನ ಮೇಲೆ ಅಂತಸ್ತು ಏಳುವಂತೆ ಚಿಪ್ಪಿನಲ್ಲೂ ಕೋಣೆಗಳನ್ನು ಒಂದರ ಮೇಲೊಂದು ಕಟ್ಟಲಾಯಿತು. 2013ರಲ್ಲಿ ಸ್ಯಾಮ್‌ಸಂಗ್ 24 ಅಂತಸ್ತಿನ ಚಿಪ್ ತಯಾರಿಸಿತು. ಈಗ ಇನ್ನೂರು ಅಂತಸ್ತು ದಾಟಿದ ಚಿಪ್‌ಗಳಿವೆ. ಅಂತಸ್ತಿನ ಚಿಪ್‌ಗಳಲ್ಲಿ ಹೆಚ್ಚಿನ ತಯಾರಕರು ತೇಲುಕೋಣೆಯ ಬದಲು ಸಿಲಿಕಾನ್ ನೈಟ್ರೈಡ್ ಎಂಬ ಪದರ ಬಳಸುತ್ತಾರೆ. ಅದರಲ್ಲಿ ಎಲೆಕ್ಟ್ರಾನುಗಳು ಹಲಸಿನ ಮೇಣಕ್ಕೆ ಅಂಟಿದ ಇರುವೆಗಳಂತೆ ಬಿದ್ದಲ್ಲೇ ಸಿಕ್ಕಿಕೊಳ್ಳುತ್ತವೆ. ಗೋಡೆಯಲ್ಲಿ ಒಂದು ಕಡೆ ಬಿರುಕು ಬಂದರೆ ಹತ್ತಿರದ ನಾಲ್ಕು ಹೋಗಬಹುದು, ಇಡೀ ಕೋಣೆ ಬರಿದಾಗುವುದಿಲ್ಲ.

ಸಾರಿಸಿದ ಮೇಲೆಯೇ ರಂಗೋಲಿ

ಜಪಾನಿನ ತೊಷಿಬಾದಲ್ಲಿದ್ದ ಫುಜಿಯೊ ಮಸುವೊಕ ಈ ಕೋಣೆಗಳಿಂದ ಅಗ್ಗದ ನೆನಪುಚಿಪ್ ಕಟ್ಟುವ ಉಪಾಯವನ್ನು 1984ರಲ್ಲಿ ಮಂಡಿಸಿದರು. ಅದಕ್ಕೂ ಹಿಂದಿನ ಚಿಪ್‌ಗಳನ್ನು ಅಳಿಸಲು ಮೇಲಿನ ಸ್ಫಟಿಕದ ಕಿಟಕಿಯ ಮೂಲಕ ಹತ್ತಾರು ನಿಮಿಷ ಅತಿನೇರಳೆ ಬೆಳಕು ಬಿಡಬೇಕಿತ್ತು. ಇಲ್ಲವೇ ಒಂದೊಂದು ಕೋಣೆಯನ್ನೂ ಬೇರೆಬೇರೆಯಾಗಿ ಅಳಿಸಲು ಹೆಚ್ಚುವರಿ ಮಂಡಲ ಬೇಕಿತ್ತು. ಮಸುವೊಕ ಆ ಹೆಚ್ಚುವರಿ ಮಂಡಲವನ್ನೇ ಕೈಬಿಟ್ಟರು. ಸಾವಿರಾರು ಕೋಣೆಗಳನ್ನು ಒಟ್ಟಿಗೆ, ಒಂದೇ ಏಟಿಗೆ ಬರಿದು ಮಾಡುವುದು ಅವರ ದಾರಿ. ಕ್ಯಾಮೆರಾದ ಫ್ಲ್ಯಾಷ್ ಮಿಂಚಿದಂತಿದೆ ಎಂದು ಸಹೋದ್ಯೋಗಿ ಶೋಜಿ ಅರಿಇಜುಮಿ ಹೇಳಿದರು; ‘ಫ್ಲ್ಯಾಷ್’ ಎಂಬ ಹೆಸರು ಹಾಗೆ ನಿಂತಿತು. 1987ರಲ್ಲಿ ಕೋಣೆಗಳನ್ನು ಮಣಿಸರದಂತೆ ಪೋಣಿಸಿ ಜಾಗ ಇನ್ನಷ್ಟು ಉಳಿಸುವ ‘ನ್ಯಾಂಡ್’ ಜೋಡಣೆ ಬಂತು. ಇಂದಿನ ಪೆನ್‌ಡ್ರೈವ್, ಫೋನ್, ಎಸ್‌ಎಸ್‌ಡಿ ಎಲ್ಲದರಲ್ಲಿರುವುದೂ ಅದೇ. ಜಗತ್ತಿನ ಜೇಬು ಜೇಬಿಗೂ ತಲುಪಿದ ಈ ಕೆಲಸಕ್ಕೆ ತಕ್ಕ ಪ್ರತಿಫಲ ಸಿಗಲಿಲ್ಲವೆಂದು ಮಸುವೊಕ ತಾವು ದುಡಿದ ಕಂಪನಿಯ ಮೇಲೆ 2004ರಲ್ಲಿ ದಾವೆ ಹೂಡಬೇಕಾಯಿತು, 2006ರಲ್ಲಿ 8.7 ಕೋಟಿ ಯೆನ್‌ಗೆ ರಾಜಿಯಾಯಿತು.

ಒಟ್ಟಿಗೆ ಅಳಿಸುವ ಅಗ್ಗದ ದಾರಿಗೆ ಒಂದು ಕಟ್ಟುಪಾಡಿದೆ. ಬರೆಯುವುದು ‘ಪುಟ’ದ ಲೆಕ್ಕದಲ್ಲಿ, ಅಂದರೆ ಹತ್ತಾರು ಸಾವಿರ ಅಕ್ಷರಗಳ ಲೆಕ್ಕದಲ್ಲಿ. ಅಳಿಸುವುದು ನೂರಾರು ಪುಟಗಳ ‘ಕಟ್ಟಿ’ನ ಲೆಕ್ಕದಲ್ಲಿ. ಬರೆದ ಪುಟದ ಮೇಲೆ ಮತ್ತೆ ಬರೆಯುವಂತಿಲ್ಲ. ಇಡೀ ಅಂಗಳ ಸಾರಿಸಿದ ಮೇಲೆಯೇ ಹೊಸ ರಂಗೋಲಿ. ಪತ್ರವೊಂದರ ಒಂದೇ ಪದ ತಿದ್ದಿದರೂ ಎಸ್‌ಎಸ್‌ಡಿ ತಿದ್ದಿದ ಪುಟವನ್ನು ಬೇರೊಂದು ಖಾಲಿ ಜಾಗದಲ್ಲಿ ಬರೆದು, ಹಳೆಯ ಪುಟಕ್ಕೆ ‘ರದ್ದು’ ಎಂದು ಗುರುತು ಹಾಕುತ್ತದೆ. ರದ್ದಾದ ಪುಟಗಳು ಒಂದು ಕಟ್ಟಿನಲ್ಲಿ ಬಹಳವಾದಾಗ, ಉಳಿದ ಜೀವಂತ ಪುಟಗಳನ್ನು ಬೇರೆಡೆ ನಕಲಿಸಿ, ಆ ಕಟ್ಟನ್ನು ಒಟ್ಟಿಗೆ ಸಾರಿಸುತ್ತದೆ.

ಈ ಸಂಸಾರವನ್ನೆಲ್ಲ ನಡೆಸುವುದು ‘ನಿಯಂತ್ರಕ’ ಎಂಬ ಇನ್ನೊಂದು ಚಿಪ್. ಯಾವ ಪುಟ ಎಲ್ಲಿದೆ ಎಂಬ ನಕ್ಷೆ ಅದರ ಬಳಿ ಇರುತ್ತದೆ. ಊರಿನ ಶಾನುಭೋಗರ ಖಿರ್ದಿಯಂತೆ, ಖಿರ್ದಿ ಕಳೆದರೆ ಜಮೀನು ಇದ್ದೂ ಇಲ್ಲದಂತೆ. ಕೋಣೆಗಳನ್ನು ಓದುವಾಗ ಆಗುವ ತಪ್ಪುಗಳನ್ನು, ಜೊತೆಯಲ್ಲಿ ಬರೆದಿಟ್ಟ ಹೆಚ್ಚುವರಿ ಬಿಟ್‌ಗಳ ನೆರವಿನಿಂದ ತಿದ್ದುವುದೂ ಇದರದೇ ಕೆಲಸ. ಇಂಥ ಚಿಪ್‌ಗಳ ಒಳಗಿನ ತಂತ್ರಾಂಶ ಬರೆಯುವ ಎಂಜಿನಿಯರುಗಳು ಬೆಂಗಳೂರಿನಲ್ಲೂ ಇದ್ದಾರೆ. ಸ್ಯಾಮ್‌ಸಂಗ್, ಸ್ಯಾನ್‌ಡಿಸ್ಕ್ ಕಂಪನಿಗಳ ಸಂಶೋಧನಾ ಕಚೇರಿಗಳು ಇಲ್ಲಿವೆ. ಸ್ಯಾನ್‌ಡಿಸ್ಕ್‌ಅನ್ನು 1988ರಲ್ಲಿ ಕಟ್ಟಿದ ಮೂವರಲ್ಲಿ ಒಬ್ಬರು ಕಾನ್ಪುರದಲ್ಲಿ ಹುಟ್ಟಿದ ಸಂಜಯ್ ಮೆಹ್ರೋತ್ರ. ಆ ಕಂಪನಿ 1991ರಲ್ಲಿ ಐಬಿಎಂಗೆ ಮಾಡಿಕೊಟ್ಟ ಎಸ್‌ಎಸ್‌ಡಿಯಲ್ಲಿ ಹಿಡಿಸುತ್ತಿದ್ದದ್ದು 20 ಎಂಬಿ, ಬೆಲೆ ಸುಮಾರು ಸಾವಿರ ಡಾಲರ್.

ಸವೆಯುವ ಗೋಡೆ

ಎಲೆಕ್ಟ್ರಾನುಗಳು ಗೋಡೆ ದಾಟಿದ ಪ್ರತಿ ಸಲವೂ ಗಾಜಿನೊಳಗಿನ ಕೆಲವು ಬಂಧಗಳು ಸಡಿಲವಾಗುತ್ತವೆ. ಅಲ್ಲಲ್ಲಿ ಕೆಲವು ಎಲೆಕ್ಟ್ರಾನುಗಳು ನಡುಗೋಡೆಯಲ್ಲೇ ಸಿಕ್ಕಿಬೀಳುತ್ತವೆ. ಸಾವಿರಾರು ಸಲ ತುಂಬಿ ಬರಿದು ಮಾಡಿದ ಮೇಲೆ ಗೋಡೆ ಸೋರತೊಡಗುತ್ತದೆ, ಮಟ್ಟ ನಿಖರವಾಗಿ ನಿಲ್ಲುವುದಿಲ್ಲ. ಎರಡೇ ಮಟ್ಟದ ಹಳೆಯ ಚಿಪ್ ಲಕ್ಷ ಸಲದವರೆಗೂ ಬಾಳುತ್ತಿತ್ತು. ಎಂಟು ಮಟ್ಟದ್ದಕ್ಕೆ ಒಂದರಿಂದ ಮೂರು ಸಾವಿರ ಸಲ. ಹದಿನಾರು ಮಟ್ಟದ್ದು ಅದಕ್ಕೂ ಕಡಿಮೆ.

ಹಳೆಯ ದೇವಸ್ಥಾನದ ಕಲ್ಲಿನ ಮೆಟ್ಟಿಲು ನಡುವೆ ತಗ್ಗಾಗಿರುತ್ತದೆ, ಎರಡು ಬದಿ ಹೊಸದರಂತಿರುತ್ತದೆ. ಎಲ್ಲರೂ ನಡುವೆಯೇ ಕಾಲಿಟ್ಟದ್ದರ ಫಲ. ಭಕ್ತರನ್ನು ದಿನಕ್ಕೊಂದು ಕಡೆಯಿಂದ ಹತ್ತಿಸಿದ್ದರೆ ಮೆಟ್ಟಿಲು ಬಹುಕಾಲ ಸಮತಟ್ಟಾಗಿರುತ್ತಿತ್ತು. ನಿಯಂತ್ರಕ ಮಾಡುವುದು ಇದನ್ನೇ. ಯಾವ ಕಟ್ಟು ಎಷ್ಟು ಸಲ ಸಾರಿಸಿಕೊಂಡಿದೆ ಎಂದು ಎಣಿಸಿಟ್ಟು, ಕಡಿಮೆ ಸವೆದದ್ದಕ್ಕೆ ಮುಂದಿನ ಬರಹ ಹಚ್ಚುತ್ತದೆ. ಈ ‘ಸಮಸವೆತ’ದ ಫಲವಾಗಿ 1 ಟಿಬಿಯ ಎಂಟು ಮಟ್ಟದ ಎಸ್‌ಎಸ್‌ಡಿಗೆ ಸಾಮಾನ್ಯವಾಗಿ 600 ಟಿಬಿ ಆಸುಪಾಸಿನ ಬರಹದ ಭರವಸೆ ಸಿಗುತ್ತದೆ. ದಿನಕ್ಕೆ 100 ಜಿಬಿ ಬರೆದರೂ ಅದು ಹದಿನಾರು ವರ್ಷ. ಜೇಬುಡ್ರೈವ್ ಬಳಸುವವರಲ್ಲಿ ಹೆಚ್ಚಿನವರು ಈ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ಡ್ರೈವ್ ತುಂಬಿ ತುಳುಕುವಂತಿದ್ದರೆ ಮಾತ್ರ ಸಾರಿಸಲು, ಸರಿಸಲು ಖಾಲಿ ಜಾಗ ಸಿಗದೆ ನಿಯಂತ್ರಕ ಒಂದೇ ಪುಟವನ್ನು ಹಲವು ಸಲ ನಕಲಿಸಬೇಕಾಗುತ್ತದೆ. ಆಗ ವೇಗವೂ ಕುಸಿಯುತ್ತದೆ, ಸವೆತವೂ ಏರುತ್ತದೆ.

ಕಣದಿಂದ ಕಣಜಕ್ಕೆ

ಡಬ್ಬಿಯ ಮೇಲೆ ಸೆಕೆಂಡಿಗೆ 1000 ಎಂಬಿ ಎಂದು ಅಚ್ಚಾಗಿರುತ್ತದೆ. ಆ ವೇಗದಲ್ಲಿ 100 ಜಿಬಿ ವಿಡಿಯೊ ಎರಡು ನಿಮಿಷದೊಳಗೆ ನಕಲಾಗಬೇಕು. ಮೊದಲ ನಿಮಿಷ ಹಾಗೇ ಓಡುತ್ತದೆ. ಆಮೇಲೆ ಕೆಲವು ಡ್ರೈವ್‌ಗಳಲ್ಲಿ ವೇಗ ಥಟ್ಟನೆ ಕಾಲು ಭಾಗಕ್ಕೆ ಇಳಿಯುತ್ತದೆ. ಎಂಟು, ಹದಿನಾರು ಮಟ್ಟಗಳಲ್ಲಿ ನಿಖರವಾಗಿ ತುಂಬುವುದು ನಿಧಾನದ ಕೆಲಸ. ಸ್ವಲ್ಪ ಸ್ವಲ್ಪವೇ ತುಂಬಿ, ಅಳೆದು ನೋಡಿ, ಮತ್ತೆ ತುಂಬಬೇಕು. ಹಾಗಾಗಿ ನಿಯಂತ್ರಕ ಒಂದಷ್ಟು ಕೋಣೆಗಳನ್ನು ಎರಡೇ ಮಟ್ಟದ ಕೋಣೆಗಳಂತೆ ಬಳಸಿ, ಬಂದದ್ದನ್ನು ಅಲ್ಲಿ ಬೇಗಬೇಗ ಸುರಿದುಕೊಳ್ಳುತ್ತದೆ. ಸುಗ್ಗಿಯಲ್ಲಿ ಕಾಳನ್ನು ಮೊದಲು ಕಣದಲ್ಲಿ ರಾಶಿ ಹಾಕಿ, ಬಿಡುವಾದಾಗ ಅಳೆದು ಕಣಜಕ್ಕೆ ತುಂಬಿದ ಹಾಗೆ. ಕಣ ತುಂಬಿಹೋದರೆ ಗಾಡಿಗಳು ಕಾಯಬೇಕು.

ಸಿನಿಮಾದವರಿಗೆ ಇದು ಜೀವಾಳದ ಸಂಗತಿ. ಪ್ರೊರೆಸ್ 422 ಎಚ್‌ಕ್ಯೂ ಎಂಬ ಬಗೆಯಲ್ಲಿ 4ಕೆ ವಿಡಿಯೊ ತೆಗೆದರೆ ಒಂದು ಗಂಟೆಗೆ 300 ಜಿಬಿ ದಾಟುತ್ತದೆ. 2023ರಲ್ಲಿ ಬಂದ ಐಫೋನ್ 15 ಪ್ರೊ ಇಂಥ ವಿಡಿಯೊವನ್ನು ನೇರವಾಗಿ ಹೊರಗಿನ ಎಸ್‌ಎಸ್‌ಡಿಗೇ ಬರೆಯಬಲ್ಲದು. ಅದಕ್ಕೆ ಸೆಕೆಂಡಿಗೆ ಕನಿಷ್ಠ 220 ಎಂಬಿ ಬರಹದ ವೇಗ ಬೇಕೆಂದು ಆಪಲ್ ಹೇಳುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ಡಬ್ಬಿಯ ಮೇಲಿನ ಗರಿಷ್ಠ ವೇಗಕ್ಕಿಂತ, ಕಣ ತುಂಬಿದ ಮೇಲೂ ಉಳಿಯುವ ವೇಗ. ಕೊಳ್ಳುವವರು ಕೇಳಬೇಕಾದ ಸಂಖ್ಯೆ ಅದು, ಡಬ್ಬಿಯ ಮೇಲೆ ಸಾಮಾನ್ಯವಾಗಿ ಅದೇ ಕಾಣುವುದಿಲ್ಲ.

ಬಿಸಿಯೂ ವೇಗ ತಗ್ಗಿಸುತ್ತದೆ. ಬಿಡುವಿಲ್ಲದೆ ಬರೆಯುವಾಗ ನಿಯಂತ್ರಕ ಬಿಸಿಯೇರುತ್ತದೆ. ದೂಳು ನೀರು ಬರದಂತೆ ಮುಚ್ಚಿದ ಡಬ್ಬಿಯಲ್ಲಿ ಗಾಳಿಯಾಡುವ ಕಂಡಿಗಳಿಲ್ಲ, ರಬ್ಬರ್ ಶಾಖವನ್ನು ಸುಲಭವಾಗಿ ಹೊರಬಿಡುವುದಿಲ್ಲ. ಅದಕ್ಕೇ ಹಲವು ಡಬ್ಬಿಗಳಲ್ಲಿ ರಬ್ಬರಿನೊಳಗೆ ಅಲ್ಯೂಮಿನಿಯಂ ಹೊದಿಕೆಯೊಂದು ಇದ್ದು, ಶಾಖವನ್ನು ಹರಡುತ್ತದೆ. ಮಿತಿ ಮೀರುವಂತಾದರೆ ನಿಯಂತ್ರಕ ತಾನೇ ವೇಗ ಇಳಿಸಿಕೊಳ್ಳುತ್ತದೆ. ಇನ್ನು ಕೇಬಲ್. ಎರಡು ತುದಿಯಲ್ಲೂ ಯುಎಸ್‌ಬಿ-ಸಿ ತಲೆ ಇದ್ದ ಮಾತ್ರಕ್ಕೆ ಎಲ್ಲ ಕೇಬಲ್ಲೂ ಒಂದೇ ಅಲ್ಲ. ಫೋನಿನ ಚಾರ್ಜರ್ ಜೊತೆ ಬರುವ ಅನೇಕ ಕೇಬಲ್‌ಗಳಲ್ಲಿ ಹಳೆಯ ಯುಎಸ್‌ಬಿ 2 ವೇಗದ ತಂತಿಗಳಷ್ಟೇ ಇರುತ್ತವೆ. ಎರಡು ನಿಮಿಷದ ನಕಲು ಅದರಲ್ಲಿ ನಲವತ್ತು ನಿಮಿಷ ಹಿಡಿಯುತ್ತದೆ.

ಎರಡು ಅಂಕಿಗಳ ಭಾಷೆ

ನೀರು, ದೂಳಿನ ರಕ್ಷಣೆಯನ್ನು ಐಪಿ ಎಂಬ ಅಕ್ಷರಗಳ ಮುಂದಿನ ಎರಡು ಅಂಕಿ ಹೇಳುತ್ತವೆ. ಮೊದಲ ಅಂಕಿ ದೂಳಿನದು, 6 ಎಂದರೆ ದೂಳು ಒಳಗೆ ಬರುವುದೇ ಇಲ್ಲ. ಎರಡನೆಯದು ನೀರಿನದು. 5 ಎಂದರೆ ಕೊಳವೆಯಿಂದ ಚಿಮ್ಮುವ ನೀರನ್ನು ತಡೆದೀತು. 7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆದೀತು. ಐಪಿ65 ಡಬ್ಬಿ ಹೊಳೆಗೆ ಬಿದ್ದರೆ ಉಳಿಯುತ್ತದೆಂಬ ಖಾತರಿಯಿಲ್ಲ. ಮುಳುಗಿಸಿ ನೋಡಿದ ಐಪಿ67 ಡಬ್ಬಿ ಚಿಮ್ಮುವ ನೀರಿನ ಪರೀಕ್ಷೆಯನ್ನೂ ಗೆದ್ದಿದೆ ಎಂದೇನೂ ಇಲ್ಲ. ಅದು ಬೇರೆಯೇ ಪರೀಕ್ಷೆ. ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ಕರಾವಳಿಯ ಉಪ್ಪುನೀರು ಕಿಂಡಿಯೊಳಗಿನ ಲೋಹದ ಕಡ್ಡಿಗಳನ್ನು ತಿನ್ನುತ್ತದೆ. ತೇವವಿರುವಾಗಲೇ ಕೇಬಲ್ ಸಿಕ್ಕಿಸಿದರೆ ವಿದ್ಯುತ್ತಿನ ನೆರವಿನಿಂದ ಆ ಕೆಲಸ ಇನ್ನೂ ಚುರುಕಾಗುತ್ತದೆ. ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಸಿಕ್ಕಿಸುವುದು ಸರಿಯಾದ ಕ್ರಮ.

ಕವಚ ಕಾಯದ ಕಡೆ

ಬರೆಯುತ್ತಿರುವಾಗ ಕೇಬಲ್ ಎಳೆದರೆ ರಬ್ಬರ್ ಏನೂ ಮಾಡಲಾರದು. ಪರದೆಯ ಮೇಲೆ ನಕಲು ಮುಗಿಯಿತೆಂದು ಕಂಡರೂ ಕೊನೆಯ ತುಣುಕುಗಳು ಇನ್ನೂ ಕಂಪ್ಯೂಟರಿನ ರ‍್ಯಾಮಿನಲ್ಲಿರಬಹುದು, ನಿಯಂತ್ರಕ ಖಿರ್ದಿ ಬರೆಯುತ್ತಿರಬಹುದು. ‘ಇಜೆಕ್ಟ್’ ಒತ್ತುವುದೆಂದರೆ ಅವೆರಡೂ ಮುಗಿಯಲಿ ಎಂದು ಹೇಳುವುದು. ಹಾರ್ಡ್ ಡಿಸ್ಕ್ ಕೆಟ್ಟಾಗ ತಟ್ಟೆಯನ್ನು ಬೇರೆ ತಲೆಯಿಂದ ಓದಿಸಿ ಕಡತ ಹಿಂಪಡೆಯುವ ಕಸುಬುದಾರರಿದ್ದಾರೆ. ಎಸ್‌ಎಸ್‌ಡಿಯ ನಿಯಂತ್ರಕವೇ ಸತ್ತರೆ, ಬರೆದದ್ದು ಗೂಢಲಿಪಿಯಲ್ಲಿದ್ದರೆ, ಚಿಪ್ ಕಿತ್ತು ಓದಿದರೂ ಸಿಗುವುದು ಅರ್ಥವಿಲ್ಲದ ಬಿಟ್‌ಗಳ ರಾಶಿ. ಚಿತ್ರೀಕರಣದ ತಾಣದಲ್ಲಿ ಕ್ಯಾಮೆರಾದ ಕಾರ್ಡನ್ನು ಎರಡು ಬೇರೆಬೇರೆ ಡ್ರೈವ್‌ಗಳಿಗೆ ನಕಲಿಸಿ, ಮೂಲಕ್ಕೂ ನಕಲಿಗೂ ಚೆಕ್‌ಸಮ್ (ಕಡತದ ಬಿಟ್‌ಗಳಿಂದ ಲೆಕ್ಕ ಹಾಕಿದ ಗುರುತುಸಂಖ್ಯೆ) ತಾಳೆ ನೋಡಿ, ಆಮೇಲಷ್ಟೇ ಕಾರ್ಡನ್ನು ಅಳಿಸುವ ರೂಢಿ ಬೆಳೆದಿರುವುದು ಇದರಿಂದಲೇ. ಆ ಎರಡು ಡ್ರೈವ್‌ಗಳು ಒಂದೇ ಚೀಲದಲ್ಲಿ, ಒಂದೇ ಕಾರಿನಲ್ಲಿ ಪ್ರಯಾಣ ಮಾಡುವುದಿಲ್ಲ.

ಕೊನೆಯದು ಕಾಲ. ಗೋಡೆದಾಟು ಪೂರ್ತಿ ನಿಲ್ಲುವುದೆಂಬುದಿಲ್ಲ. ಒತ್ತಡವಿಲ್ಲದಾಗಲೂ ಎಲೆಕ್ಟ್ರಾನುಗಳು ಒಂದೊಂದಾಗಿ ಸೋರುತ್ತಿರುತ್ತವೆ. ಸವೆದ ಗೋಡೆಯಲ್ಲಿ ಹೆಚ್ಚು, ಬಿಸಿಯಲ್ಲಿ ಇನ್ನೂ ಹೆಚ್ಚು. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ಮುಟ್ಟಬಲ್ಲದು, ಡ್ರೈವ್ ಮರೆತು ಬಿಡಬಾರದ ಜಾಗ ಅದು. ಜೆಡೆಕ್ ಎಂಬ ಉದ್ಯಮ ಮಂಡಳಿಯ ಮಾನದಂಡದ ಪ್ರಕಾರ, ಬರಹದ ಮಿತಿಯನ್ನೆಲ್ಲ ಮುಗಿಸಿದ ಸಾಮಾನ್ಯ ಬಳಕೆಯ ಎಸ್‌ಎಸ್‌ಡಿ, 30 ಡಿಗ್ರಿಯಲ್ಲಿ ವಿದ್ಯುತ್ತಿಲ್ಲದೆ ಒಂದು ವರ್ಷ ನೆನಪಿಟ್ಟರೆ ಸಾಕು. ಹೊಸ ಡ್ರೈವ್ ಇದಕ್ಕಿಂತ ಬಹಳ ಹೆಚ್ಚು ಕಾಲ ಇಟ್ಟುಕೊಳ್ಳುತ್ತದೆ. ಆದರೂ ಮಗುವಿನ ಮೊದಲ ಹೆಜ್ಜೆಯ ವಿಡಿಯೊವನ್ನು ಅದೊಂದರಲ್ಲೇ ತುಂಬಿ ಹತ್ತು ವರ್ಷ ಬೀರುವಿನಲ್ಲಿ ಇಡುವುದು ಈ ಡಬ್ಬಿಯಿಂದ ಅದರ ಶಕ್ತಿಗೆ ಮೀರಿದ್ದನ್ನು ಕೇಳಿದಂತೆ. ವಿದ್ಯುತ್ ಸಿಕ್ಕಿದಾಗ ಅನೇಕ ನಿಯಂತ್ರಕಗಳು ಹಳೆಯ ಪುಟಗಳನ್ನು ಓದಿ ನೋಡುತ್ತವೆ, ಮಟ್ಟ ಇಳಿದಿದ್ದರೆ ತಪ್ಪು ತಿದ್ದಿ ಹೊಸ ಕೋಣೆಗಳಲ್ಲಿ ಪೂರ್ತಿ ಮಟ್ಟಕ್ಕೆ ತುಂಬಿ ಬರೆಯುತ್ತವೆ. ಬೀರುವಿನಲ್ಲಿರುವ ಡಬ್ಬಿಗೆ ಆ ಅವಕಾಶ ಸಿಗುವುದು ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಯಾರಾದರೂ ಅದನ್ನು ಹೊರತೆಗೆದು, ಕೇಬಲ್ ಸಿಕ್ಕಿಸಿ, ಕೆಲವು ಗಂಟೆ ಹಾಗೇ ಬಿಟ್ಟಾಗ.